ಬೆಲ್ಟ್ ವಾಪಸ್ ಹೋಗ್ತಿಲ್ಲ, ಏರ್‌ಬ್ಯಾಗ್ ಲೈಟ್ ಆರ್ತಿಲ್ಲ, ಕಾರ್ಪೆಟ್ ಬೇರೆ ಒದ್ದೆ

ಮೂಡಿಗೆರೆ ತೋಟದವ:

ಎಲ್ಲರಿಗೂ ನಮಸ್ಕಾರ. ಕಾರು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮುಂದೆ ಎರಡು ಏರ್‌ಬ್ಯಾಗ್ ಇರುವ ಮಾಡೆಲ್. ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಶೆಡ್ ಇಲ್ಲ, ರಾತ್ರಿ ನಿಲ್ಲೋದು ತೋಟದಲ್ಲೇ, ಸಿಲ್ವರ್ ಮರಗಳ ಕೆಳಗೆ.

ಮಳೆ ಹಿಡಿದಾಗಿನಿಂದ ಒಂದರ ಹಿಂದೆ ಒಂದು ರಗಳೆ. ಮೊದಲು ಒಳಗೆ ಮುಗ್ಗಲು ವಾಸನೆ. ಆಮೇಲೆ ಎಡಗಡೆ ಮುಂದಿನ ಸೀಟಿನ ಬೆಲ್ಟ್ ಬಿಚ್ಚಿದರೆ ವಾಪಸ್ ಸುತ್ತಿಕೊಳ್ಳಲ್ಲ. ಸೋತ ಹಾಗೆ ನೇತಾಡುತ್ತೆ, ಬಾಗಿಲಿಗೆ ಸಿಕ್ಕಿ ಅಂಚು ಕಪ್ಪಾಗಿದೆ. ಅದೇ ಕಡೆ ಕಾಲಿಡೋ ಜಾಗದಲ್ಲಿ ಮ್ಯಾಟ್ ಎತ್ತಿದರೆ ಕಾರ್ಪೆಟ್ ಪಚಪಚ. ಈಗ ಮೀಟರ್‌ನಲ್ಲಿ ಏರ್‌ಬ್ಯಾಗ್ ಕೆಂಪು ಲೈಟ್ ಹತ್ತಿದ್ದು ಆರ್ತಾನೇ ಇಲ್ಲ.

ಒಬ್ಬ ಮೆಕ್ಯಾನಿಕ್ ‘ಲೈಟ್ ತಾನೆ, ಬಲ್ಬ್ ತೆಗೆದುಬಿಡೋಣ ಬಿಡಿ’ ಅಂದರು. ಇನ್ನೊಂದು ಕಡೆ ಬೆಲ್ಟ್ ಪೂರ್ತಿ ಸೆಟ್ ಬದಲಾಯಿಸಬೇಕು ಅಂದರು, ಲೈಟಿನ ಮಾತೇ ಎತ್ತಲಿಲ್ಲ. ವಾರಕ್ಕೊಮ್ಮೆ ಚಾರ್ಮಾಡಿ ಇಳಿದು ಬೆಳ್ತಂಗಡಿಗೆ ಹೋಗುವವರು ನಾವು, ಹೀಗೇ ಓಡಿಸೋಕೆ ಧೈರ್ಯ ಇಲ್ಲ. ಯಾವುದರಿಂದ ಶುರು ಮಾಡಲಿ? ಬೆಲ್ಟ್ ಮನೆಯಲ್ಲೇ ತೊಳೆಯಬಹುದಾ?

ಬೇಲೂರು ಬೈಪಾಸ್:

ಬೆಲ್ಟ್ ಸುತ್ತಿಕೊಳ್ಳೋ ಜಾಗಕ್ಕೆ ತುಕ್ಕು ಬಿಡಿಸೋ ಸ್ಪ್ರೇ ಹೊಡೆಯಿರಿ ಸಾರ್, ಬೆಣ್ಣೆ ತರ ಓಡುತ್ತೆ. ಬೆಲ್ಟಿನ ಕಲೆಗೆ ಬ್ಲೀಚಿಂಗ್ ಪೌಡರ್ ನೀರು. ಕಾರ್ಪೆಟ್ ಒಂದು ದಿನ ಬಿಸಿಲಿಗೆ ಹಾಕಿದರೆ ಆಯ್ತು.

ಹಾಸನ ಕುಶನ್ ಕೆಲಸ:

ಬೇಲೂರಿನವರೇ, ಬೇಜಾರು ಮಾಡ್ಕೋಬೇಡಿ, ಆದರೆ ಸ್ಪ್ರೇ, ಬ್ಲೀಚ್ ಎರಡೂ ಬೇಡ. ಬಿಸಿಲಂತೂ ಮೂಡಿಗೆರೆಯಲ್ಲಿ ಈಗ ದುಡ್ಡು ಕೊಟ್ಟರೂ ಸಿಗಲ್ಲ.

ನಾನು ಹಾಸನದಲ್ಲಿ ಕಾರ್ ಸೀಟು, ಕಾರ್ಪೆಟ್, ಒಳಗಿನ ವೈರಿಂಗ್ ಕೆಲಸ ಮಾಡುವವನು. ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆ ಗಾಡಿಗಳು ಮಳೆಗಾಲದಲ್ಲಿ ಇದೇ ಕಥೆ ಹೊತ್ತು ಬರ್ತವೆ. ತೋಟದ ಸಾರ್, ನಿಮ್ಮದು ಮೂರು ರಿಪೇರಿ ಅಲ್ಲ, ಒಂದೇ. ಬೆಲ್ಟೂ ಒದ್ದೆಯೂ ಎಡಗಡೆಯೇ ಇದೆ ನೋಡಿ, ಲೈಟಿಗೂ ಅದೇ ಕಾರಣ ಇರಬಹುದು. ನೀರು ಎಲ್ಲಿಂದ ಬರ್ತಿದೆ ಅಂತ ಮೊದಲು ಹಿಡಿಯಿರಿ. ಅದು ಬಿಟ್ಟು ಬೆಲ್ಟ್ ಬದಲಾಯಿಸಿದರೆ ಮುಂದಿನ ಮಳೆಗೆ ಹೊಸ ಬೆಲ್ಟೂ ಹೀಗೇ ಆಗುತ್ತೆ.

ಸಿಲ್ವರ್ ಮರದ ಕೆಳಗೆ ನಿಲ್ಲಿಸ್ತೀನಿ ಅಂದಿರಲ್ಲ, ನನ್ನ ಅನುಮಾನ ಅಲ್ಲೇ. ಬಾನೆಟ್ ಎತ್ತಿ, ವೈಪರ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಜಾಲರಿ ಬಿಚ್ಚಿ ನೋಡಿ. ಆ ಮರದ ಎಲೆ ಸೀಳು ಸೀಳಾಗಿರುತ್ತೆ, ಜಾಲರಿಯ ಸಂದಿನಲ್ಲಿ ಸಲೀಸಾಗಿ ಇಳಿಯುತ್ತೆ. ಒಳಗೆ ಕೊಳೆತು ಗೊಬ್ಬರವಾಗಿ ನೀರು ಹೋಗೋ ತೂತು ಮುಚ್ಚುತ್ತೆ. ಆಗ ನೀರು ತುಂಬಿಕೊಂಡು, ಎಸಿ ಬ್ಲೋವರ್ ಗಾಳಿ ಎಳೆಯೋ ಬಾಯಿಂದ ಎಡಗಡೆ ಕಾಲಿನ ಹತ್ತಿರ ಸುರಿಯುತ್ತೆ.

ಅಲ್ಲಿ ಏನೂ ಇಲ್ಲ ಅಂದರೆ ಎಸಿ ಹಾಕಿ ನಿಲ್ಲಿಸಿ. ಸ್ವಲ್ಪ ಹೊತ್ತಿನಲ್ಲಿ ಗಾಡಿ ಕೆಳಗೆ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಡ್ರೈನ್ ಪೈಪ್ ಕಟ್ಟಿರಬಹುದು, ಆ ನೀರೂ ಒಳಗೇ ಬೀಳುತ್ತೆ. ಮೂರನೆಯದು ಬಾಗಿಲು. ಬಾಗಿಲಿನ ಒಳಪ್ಯಾನೆಲ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತೆ, ಸುತ್ತ ಕಪ್ಪು ಅಂಟು. ಪವರ್ ವಿಂಡೋ ರಿಪೇರಿ ಮಾಡುವವರು ಅದನ್ನು ಹರಿದು ಹಾಗೇ ಬಿಟ್ಟಿರ್ತಾರೆ. ಗಾಜಿನ ಮೇಲಿಂದ ಬಾಗಿಲೊಳಗೆ ಇಳಿದ ನೀರು ಕೆಳಗಿನ ತೂತಿನಿಂದ ಹೊರಗೆ ಹೋಗೋ ಬದಲು ಒಳಗೆ ಬರುತ್ತೆ. ಒದ್ದೆ ಜಿಗುಟಾಗಿ, ಸಿಹಿ ವಾಸನೆ ಇದ್ದರೆ ಮಾತ್ರ ಅದು ಹೀಟರ್‌ನ ಕೂಲೆಂಟ್ (ಎಂಜಿನ್ ತಂಪು ಮಾಡೋ ದ್ರವ), ಬೇರೆ ರಿಪೇರಿ.

ಈಗ ಲೈಟ್. ಎಡಗಡೆ ಬೆಲ್ಟ್ ಸುತ್ತಿಕೊಳ್ಳೋ ರೀಲ್ ಇರೋದು ಎರಡು ಬಾಗಿಲ ಮಧ್ಯದ ಕಂಬದ ಬುಡದಲ್ಲಿ. ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಸಾಮಾನ್ಯವಾಗಿ ಆ ರೀಲಿಗೇ ಪ್ರಿಟೆನ್ಷನರ್ ಕೂತಿರುತ್ತೆ. ಡಿಕ್ಕಿ ಆದ ಕ್ಷಣ ಸಣ್ಣ ಮದ್ದು ಸಿಡಿದು ಬೆಲ್ಟ್ ಬಿಗಿ ಮಾಡುವ ವಸ್ತು ಅದು. ಅದಕ್ಕೆ ಹೋಗೋ ಹಳದಿ ಕಪ್ಲರ್, ಅಂದರೆ ವೈರ್ ಜೋಡಿಸೋ ಪ್ಲಗ್, ಕಾರ್ಪೆಟ್ ಮಟ್ಟದಲ್ಲೇ ಇರುತ್ತೆ. ಒದ್ದೆ ಕಾರ್ಪೆಟ್ ಪಕ್ಕ ವಾರಗಟ್ಟಲೆ ಇದ್ದರೆ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತೆ. ಅಲ್ಲಿ ಕಾಂಟ್ಯಾಕ್ಟ್ ಸರಿ ಇಲ್ಲ ಅಂತ ಕಂಡ ಕೂಡಲೇ ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್ ಲೈಟ್ ಹಚ್ಚುತ್ತೆ. ಆ ಯೂನಿಟ್ ಕೂಡ ಸಾಮಾನ್ಯವಾಗಿ ಗೇರ್ ಲಿವರ್ ಸುತ್ತಮುತ್ತ ನೆಲಕ್ಕೇ ಬೋಲ್ಟ್ ಆಗಿರುತ್ತೆ. ನೀರು ಅಲ್ಲಿವರೆಗೆ ಹೋದರೆ ಖರ್ಚು ದೊಡ್ಡದು, ಅದಕ್ಕೇ ತಡ ಮಾಡಬೇಡಿ. ಹಾರನ್ ಕೂಡ ಹೊಡೀತಿಲ್ಲ ಅಂತಿದ್ದರೆ ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ಹಾರನ್, ಏರ್‌ಬ್ಯಾಗಿಗೆ ಕರೆಂಟ್ ಒಯ್ಯೋ ಸುರುಳಿ ವೈರ್) ಮೇಲೆ ಅನುಮಾನ ಪಡ್ತಿದ್ದೆ. ನಿಮಗೆ ಹಾಗಿಲ್ಲ ಅಲ್ವಾ?

ಬಲ್ಬ್ ತೆಗೆಯೋ ಮಾತು ಕೇಳಲೇಬೇಡಿ. ಲೈಟ್ ಉರೀತಾ ಇದ್ದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತೆ ಅನ್ನೋ ಭರವಸೆ ಇಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಇದೊಂದು ನೋಡಿಕೊಳ್ಳಿ: ಕೀ ಆನ್ ಮಾಡಿದಾಗ ಆ ಲೈಟ್ ಹತ್ತಿ, ಕೆಲವು ಸೆಕೆಂಡಿಗೆ ತಾನೇ ಆರಬೇಕು. ಹತ್ತೋದೇ ಇಲ್ಲ ಅಂದರೆ ಯಾರೋ ಕೈಯಾಡಿಸಿರಬಹುದು.

ಕಾರ್ಪೆಟ್ ಒಣಗಿಸೋಕೆ ಸೀಟ್ ಬಿಚ್ಚಲೇಬೇಕು. ಮೇಲಿನ ಬಟ್ಟೆ ಒಣಗಿದ ಹಾಗೆ ಕಂಡರೂ ಅಡಿಯ ದಪ್ಪ ಸ್ಪಾಂಜ್ ನೀರು ಹಿಡಿದಿರುತ್ತೆ. ಬೋಲ್ಟಿಗೆ ಕೈ ಹಾಕೋ ಮೊದಲು ಕೀ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ತೆಗೆಯಿರಿ, ಆಮೇಲೆ ಕಾಯಿರಿ. ಅಪಘಾತದಲ್ಲಿ ಬ್ಯಾಟರಿ ಕಿತ್ತುಹೋದರೂ ಏರ್‌ಬ್ಯಾಗ್ ಸಿಡಿಯಲಿ ಅಂತ ಯೂನಿಟ್ ಒಳಗೆ ಕರೆಂಟ್ ಹಿಡಿದಿಟ್ಟುಕೊಳ್ಳೋ ಕೆಪಾಸಿಟರ್ ಇರುತ್ತೆ. ಅದು ಖಾಲಿಯಾಗಬೇಕು. ಎಷ್ಟು ನಿಮಿಷ ಅಂತ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತೆ. ನಾನಂತೂ ಟೀ ಕುಡಿದೇ ಬರೋದು. ಹಳದಿ ಕಪ್ಲರಿಗೆ ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್ ಇಟ್ಟು ನೋಡೋದು ಯಾವತ್ತೂ ಬೇಡ. ಆ ಭಾಗ ಯೂನಿಟ್‌ನಲ್ಲಿರೋ ದೋಷ ಓದೋ ಸ್ಕ್ಯಾನರ್ ಇರುವವರಿಗೆ ಬಿಡಿ. ಸೀಟ್ ಹೊರಗಿದ್ದಾಗ ಕೀ ಆನ್ ಮಾಡಿದರೆ ಯೂನಿಟ್‌ನಲ್ಲಿ ಇನ್ನೊಂದು ಕೋಡ್ (ದೋಷದ ಗುರುತು) ಕೂರಬಹುದು, ಅದೂ ನೆನಪಿರಲಿ.

ಬೆಲ್ಟ್ ಮಾತ್ರ ಮನೆಯಲ್ಲೇ ತೊಳೆಯಬಹುದು. ಪೂರ್ತಿ ಹೊರಗೆಳೆದು, ಕಂಬದಿಂದ ಹೊರಬರೋ ಕಡೆ ಗಟ್ಟಿ ಕ್ಲಿಪ್ ಹಾಕಿ, ಒಳಗೆ ಓಡಬಾರದು. ಉಗುರು ಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆ ಬ್ರಷ್. ಉದ್ದುದ್ದಕ್ಕೆ ಉಜ್ಜಿ, ಅಡ್ಡಡ್ಡ ಬೇಡ. ಒದ್ದೆ ಬಟ್ಟೆಯಲ್ಲಿ ಸೋಪು ಒರೆಸಿ ತೆಗೆಯಿರಿ, ನೀರು ಸುರಿದರೆ ರೀಲಿಗೆ ಇಳಿಯುತ್ತೆ. ನೆರಳಲ್ಲಿ, ಫ್ಯಾನ್ ಗಾಳಿಗೆ ಪೂರ್ತಿ ಒಣಗೋವರೆಗೆ ಕ್ಲಿಪ್ ತೆಗೀಬೇಡಿ. ಬೆಲ್ಟ್ ಪಾಲಿಯೆಸ್ಟರ್ ನೂಲಿನದು, ಬ್ಲೀಚ್ ಅದರ ಬಲ ತಿನ್ನುತ್ತೆ. ಭುಜದ ಹತ್ತಿರ ಬೆಲ್ಟ್ ತಿರುಗೋ ಬಳೆ ಇದೆಯಲ್ಲ, ಅದರೊಳಗೆ ಬೆರಳಿಟ್ಟು ನೋಡಿ. ಬೆವರು, ಧೂಳು ಸೇರಿ ಕಪ್ಪು ಮೇಣದ ಹಾಗೆ ಬರುತ್ತೆ. ನಿಧಾನ ಸುತ್ತಿಕೊಳ್ಳೋ ಬೆಲ್ಟುಗಳಲ್ಲಿ ಎಷ್ಟೋ ಅದನ್ನು ಒರೆಸಿದರೇ ಸರಿಹೋಗ್ತವೆ. ಎಣ್ಣೆ, ಸ್ಪ್ರೇ ಹಾಕಿದರೆ ಧೂಳು ಇನ್ನೂ ಅಂಟುತ್ತೆ, ಲಾಕ್ ಆಗೋ ಹಲ್ಲುಗಳಿಗೂ ಹತ್ತುತ್ತೆ.

ತೊಳೆದ ಮೇಲೂ ಸೋತಿದ್ದರೆ ರೀಲ್ ಬದಲಾಯಿಸಿ, ಬಿಚ್ಚಿ ರಿಪೇರಿ ಬೇಡ. ಒಳಗೆ ಸ್ಪ್ರಿಂಗೂ ಇದೆ, ಮದ್ದೂ ಇದೆ. ಬಾಗಿಲಿಗೆ ಸಿಕ್ಕ ಅಂಚಿನಲ್ಲಿ ನೂಲು ಎದ್ದಿದ್ದರೆ, ಕತ್ತರಿಸಿದ್ದರೆ, ತೊಳೆಯೋ ಶ್ರಮವೂ ಬೇಡ, ನೇರ ಹೊಸದು. ಒಂದು ತಮಾಷೆ ಹೇಳ್ತೀನಿ. ಗುಜರಿಯಿಂದ ರೀಲ್ ತಂದು ಕೈಯಲ್ಲಿ ಓರೆ ಹಿಡಿದು ಎಳೆದು, ‘ಬರ್ತಾನೇ ಇಲ್ಲ, ಕೆಟ್ಟಿದೆ’ ಅಂತ ವಾಪಸ್ ಕೊಟ್ಟು ಬರುವವರಿದ್ದಾರೆ. ಓರೆಯಾದರೆ ಲಾಕ್ ಆಗೋದೇ ಅದರ ಕೆಲಸ, ಅದಕ್ಕೇ ಒಳಗೆ ಗುಂಡು ಇರೋದು. ಹಾಗಂತ ಗುಜರಿ ಬೆಲ್ಟ್ ತರಬೇಡಿ, ಯಾವ ಅಪಘಾತ ಕಂಡಿದೆಯೋ ಯಾರಿಗೆ ಗೊತ್ತು.

ಚಿಕ್ಕಮಗಳೂರು ಟೀಚರ್:

ಇದೇ ಜಾಗದಲ್ಲಿ ನನ್ನದೂ ಒಂದು ಪ್ರಶ್ನೆ, ಅಣ್ಣ. ಸೀಟ್ ಕವರ್ ಹಾಕಿಸಿದಾಗ ಹಿಂದಿನ ಬೆಲ್ಟಿನ ಬಕಲ್‌ಗಳು ಕವರ್ ಅಡಿಗೆ ಹೋಗಿಬಿಟ್ಟಿವೆ. ‘ಹಿಂದೆ ಯಾರು ಹಾಕ್ತಾರೆ ಮೇಡಂ’ ಅಂದರು ಅಂಗಡಿಯವರು. ಮುಂದೆ ಬೆಲ್ಟ್ ಹಾಕದಿದ್ದರೆ ಬರೋ ಬೀಪ್ ಸದ್ದು ನಿಲ್ಲಿಸೋಕೆ ಬಕಲ್‌ಗೆ ಸಿಕ್ಕಿಸೋ ಒಂದು ಕ್ಲಿಪ್ ಬೇರೆ ಫ್ರೀ ಕೊಟ್ಟರು!

ಹಾಸನ ಕುಶನ್ ಕೆಲಸ:

ಹಾಕ್ತಾರೆ ಮೇಡಂ, ಹಾಕಲೇಬೇಕು. ಹಿಂದೆ ಮುಂದಕ್ಕೆ ಮುಖ ಮಾಡಿ ಕೂರುವವರಿಗೂ ಬೆಲ್ಟ್ ಕಡ್ಡಾಯ, ಮೋಟಾರು ವಾಹನ ನಿಯಮ 138ರಲ್ಲೇ ಇದೆ. 2019ರ ತಿದ್ದುಪಡಿ ಆದ ಮೇಲೆ ಕಾಯ್ದೆಯಲ್ಲಿ ದಂಡ 1000 ರೂಪಾಯಿ. ದಂಡ ಹಾಗಿರಲಿ, ಬೆಲ್ಟ್ ಇಲ್ಲದೆ ಹಿಂದೆ ಕೂತವರು ಗುದ್ದಿದಾಗ ಮುಂದಿನವರ ಬೆನ್ನಿಗೇ ಬಂದು ಬೀಳೋದು.

ಅದೇ ಅಂಗಡಿಗೆ ಹೋಗಿ ಬಕಲ್ ಜಾಗಕ್ಕೆ ಕವರ್ ಕತ್ತರಿಸಿ ಅಂಚು ಹೊಲಿಸಿ, ದೊಡ್ಡ ಕೆಲಸ ಅಲ್ಲ. ಬಕಲ್ ಒಳಗೆ ಬಿಸ್ಕೆಟ್ ಪುಡಿ, ನಾಣ್ಯ ಇದ್ದರೆ ಗಾಳಿ ಹೊಡೆಸಿ ತೆಗೆಸಿ. ‘ಟಕ್’ ಅಂತ ಕೂತು, ಎಳೆದರೆ ಬರಬಾರದು. ಮುಂದಿನ ಸೀಟಿನ ಪಕ್ಕದಲ್ಲಿ ‘ಏರ್‌ಬ್ಯಾಗ್’ ಅಂತ ಸಣ್ಣ ಚೀಟಿ ಇದ್ದರೆ ಅದು ಸೈಡ್ ಏರ್‌ಬ್ಯಾಗ್. ಸೀಟಿನ ಹೊಲಿಗೆ ಹರಿದುಕೊಂಡು ಹೊರಬರುತ್ತೆ, ಮಾಮೂಲಿ ಕವರ್ ಅದನ್ನು ತಡೆಯುತ್ತೆ. ಅಂಥ ಗಾಡಿಗೆ ಅದಕ್ಕೇ ಅಂತ ಮಾಡಿದ ಕವರ್ ಮಾತ್ರ.

ಆ ಫ್ರೀ ಕ್ಲಿಪ್ ಕಸಕ್ಕೆ ಹಾಕಿ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆದೇಶ ಮಾಡಿ ಆನ್‌ಲೈನ್ ಅಂಗಡಿಗಳಿಂದ ಅವನ್ನು ತೆಗೆಸಿತು. ಅಂಗಡಿಗಳಲ್ಲಿ ಇನ್ನೂ ಫ್ರೀ ಕೊಡ್ತಾರೆ ಅಂದರೆ ಏನು ಹೇಳೋದು.

ಮೂಡಿಗೆರೆ ತೋಟದವ:

ಗುರುಗಳೇ, ಜಾಲರಿ ಬಿಚ್ಚಿದೆ. ಎರಡು ಬೊಗಸೆ ಕಪ್ಪು ಗೊಬ್ಬರ, ಅದರಲ್ಲಿ ಎರೆಹುಳ ಬೇರೆ! ತೂತಿಗೆ ತಂತಿ ಹಾಕಿದ ಕೂಡಲೇ ಗಳಗಳ ಅಂತ ನೀರು ಕೆಳಗೆ ಹೋಯ್ತು. ಹಾರನ್ ಸರಿಯಾಗಿದೆ. ಭುಜದ ಬಳೆ ಒರೆಸಿದ ಮೇಲೆ ಬೆಲ್ಟ್ ಮುಕ್ಕಾಲು ಭಾಗ ತಾನೇ ಹೋಗ್ತಿದೆ, ಅಂಚಿನಲ್ಲಿ ನೂಲು ಎದ್ದಿರೋದರಿಂದ ಹೊಸದೇ ಆರ್ಡರ್ ಮಾಡಿದೆ. ಸ್ಕ್ಯಾನಿಂಗ್‌ಗೆ ಸೋಮವಾರ ಚಿಕ್ಕಮಗಳೂರಿಗೆ ಹೋಗ್ತೀನಿ. ಅಲ್ಲಿವರೆಗೆ ಮನೆಯವರು ಹಿಂದಿನ ಸೀಟಲ್ಲಿ, ಬೆಲ್ಟ್ ಹಾಕಿಕೊಂಡು. ಕಾರ್ಪೆಟ್ ಸ್ಪಾಂಜ್ ಹೊರಗೆ ತೆಗೆದಿದ್ದೀನಿ. ಬಚ್ಚಲ ಒಲೆ ಪಕ್ಕ ನೇತು ಹಾಕಬಹುದಾ?

ಹಾಸನ ಕುಶನ್ ಕೆಲಸ:

ಹಾಕಬಹುದು, ಬೆಂಕಿಯಿಂದ ದೂರ ಇರಲಿ. ಹೊಗೆ ವಾಸನೆ ಹತ್ತಿದರೆ ಕಾರು ವರ್ಷಪೂರ್ತಿ ಬಚ್ಚಲುಮನೆ ವಾಸನೆ ಹೊಡೆಯುತ್ತೆ. ಹಿಂಡಿ, ಒತ್ತಿ ನೀರು ತೆಗೆದು ಫ್ಯಾನ್ ಹಾಕೋದೇ ವಾಸಿ. ಸ್ಕ್ಯಾನರ್‌ನಲ್ಲಿ ಯಾವ ಕೋಡ್ ಬಂತು ಅಂತ ಫೋಟೋ ಹಾಕಿ, ಎಡಗಡೆ ಪ್ರಿಟೆನ್ಷನರ್ ಅಂತಲೇ ಬಂದರೆ ಕಪ್ಲರ್ ಕ್ಲೀನ್ ಮಾಡದೆ ಬರೀ ಕೋಡ್ ಅಳಿಸಿ ಕಳಿಸೋಕೆ ಬಿಡಬೇಡಿ.