ಮೂರನೇ ಕ್ರಾಸ್ ವಾಟ್ಸಾಪ್ ಗುಂಪು: ರಾತ್ರಿ ಮೂರೂವರೆಯ ಸಂಗೀತ

ಸುಮಾ, 12: ಇವತ್ತೂ ಮೂರೂವರೆಗೇ ಶುರು! ಸಿಳ್ಳೆ ಮೇಲೆ ಸಿಳ್ಳೆ. ಮಗನಿಗೆ ಇವತ್ತು ಗಣಿತ ಪರೀಕ್ಷೆ. ಆ ಕೋಗಿಲೆಯನ್ನು ಯಾರಾದರೂ ಓಡಿಸುತ್ತೀರಾ, ಇಲ್ಲ ನಾನೇ ಪಟಾಕಿ ಹಚ್ಚಲಾ?

ರಾಯರು, 7: ಆವತ್ತೇ ಹೇಳಿದ್ದೆ, 9ನೇ ನಂಬರ್ ಮನೆಯವರ ಹೊಂಗೆ ಮರ ಸವರಿಸಿ ಅಂತ. ಯಾರು ಕೇಳಿದರು?

ಗೀತಾ, 9: ಹಕ್ಕಿ ಕೂರುವುದು ನಿಮ್ಮ ಡಿಶ್ ಆಂಟೆನಾ ಮೇಲೆ ರಾಯರೇ. ಬಾಗಿಲು ತೆಗೆದು ನೋಡಿ.

ಕಿರಣ್, 15: ಹಾಗಾದರೆ ಮೇಂಟೆನೆನ್ಸ್ ಬಿಲ್ ರಾಯರ ಮನೆಗೇ 😄

ಮೇಷ್ಟ್ರು, 3: ಸುಮಾ, ಅದು ಕೋಗಿಲೆ ಅಲ್ಲಮ್ಮ, ಮಡಿವಾಳ ಹಕ್ಕಿ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಬಾಲ ನೆಟ್ಟಗೆ ಎತ್ತಿಕೊಂಡು ಕೂತಿರುತ್ತದೆ. ಮರಿ ಮಾಡುವ ಕಾಲ ಇದು. ‘ಈ ಜಾಗ ನನ್ನದು’ ಅಂತ ಬೇರೆ ಗಂಡುಗಳಿಗೆ ಹೇಳುತ್ತಿದೆ, ಹೆಣ್ಣನ್ನೂ ಕರೆಯುತ್ತಿದೆ. ಗೂಡು ಎಲ್ಲೋ ಗೋಡೆ ತೂತಿನಲ್ಲಿರಬೇಕು. ಪಟಾಕಿಗಿಟಾಕಿ ಬೇಡ.

ಪದ್ಮಾ ಆಂಟಿ: 🌹ಶುಭೋದಯ🌹 ಬೆಳ್ಳುಳ್ಳಿ ತಿಂದರೆ ಹೃದಯಕ್ಕೆ ಒಳ್ಳೆಯದು. ಹತ್ತು ಜನಕ್ಕೆ ಕಳಿಸಿ.

ಗೀತಾ, 9: ಬೀದಿಗೆ ಆ ಎಲ್‌ಇಡಿ ದೀಪ ಬಂದ ಮೇಲೇ ಹಕ್ಕಿಯ ಈ ರಾತ್ರಿ ಹಾಡು. ಹಾಕಿಸಿದ್ದು ಯಾರು?

ರಾಯರು, 7: ನಾನೇ! ಸರಗಳ್ಳರು ಬಂದಾಗ ಎಲ್ಲರೂ ನನ್ನ ಕಾಲು ಹಿಡಿದಿರಿ. ಈಗ ದೀಪ ತಪ್ಪಾ?

ಮೇಷ್ಟ್ರು, 3: ದೀಪದ ಪಾಲೂ ಇರಬಹುದು. ಆದರೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ರಾಬಿನ್ ಹಕ್ಕಿಗಳನ್ನು ನೋಡಿದವರು 2007ರಲ್ಲಿ ಬರೆದದ್ದು ಬೇರೆ. ಹಗಲು ಗದ್ದಲ ಜಾಸ್ತಿ ಇದ್ದ ಕಡೆಯೇ ಅವು ರಾತ್ರಿ ಹಾಡುತ್ತಿದ್ದವು. ದೀಪಕ್ಕಿಂತ ಗದ್ದಲದ ಜೊತೆಗೇ ನಂಟು ಜಾಸ್ತಿ. ಬರ್ಲಿನ್‌ನ ನೈಟಿಂಗೇಲ್ ಹಕ್ಕಿಗಳು ವಾರದ ದಿನ ಜೋರಾಗಿ ಹಾಡುತ್ತವೆ, ಟ್ರಾಫಿಕ್ ಕಮ್ಮಿ ಇರುವ ಶನಿವಾರ, ಭಾನುವಾರ ಮೆಲ್ಲಗೆ. 2020ರ ಲಾಕ್‌ಡೌನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗುಬ್ಬಿಗಳೂ ದನಿ ತಗ್ಗಿಸಿದ್ದವು. ಆದರೂ ಹಾಡು ಮೊದಲಿಗಿಂತ ದೂರಕ್ಕೆ ಕೇಳುತ್ತಿತ್ತು.

ಕಿರಣ್, 15: ನಮ್ಮದಕ್ಕೂ ಭಾನುವಾರ ರಜೆ ಕೊಡಿಸಿ ಮೇಷ್ಟ್ರೇ.

ರಾಯರು, 7: ನೋಡಿದಿರಾ? ದೀಪದ್ದಲ್ಲ, ಗದ್ದಲದ್ದು ತಪ್ಪು. ಮೇನ್ ರೋಡ್ ಜಾಮ್ ಆದರೆ ಎಲ್ಲ ಗಾಡಿ ನಮ್ಮ ಕ್ರಾಸಿಗೇ ನುಗ್ಗುತ್ತವೆ. ಹಂಪ್ ಹಾಕಿಸಬೇಕು ಅಂತ ಎಷ್ಟು ಸಲ ಹೇಳಲಿ?

ಗೀತಾ, 9: ಹಂಪ್ ಹತ್ತಿರ ಹಾರನ್ ಇನ್ನೂ ಜಾಸ್ತಿ. ದೀಪಕ್ಕೆ ಒಂದು ತಗಡು ಮರೆ ಕಟ್ಟಿಸಿ, ಬೆಳಕು ರಸ್ತೆಗೆ ಮಾತ್ರ ಬೀಳಲಿ. ಅರ್ಜಿ ನಾನು ಬರೆಯುತ್ತೇನೆ, ಸಹಿ ಯಾರು ಯಾರು?

ಕಿರಣ್, 15: 👍

ಸುಮಾ, 12: ನಾನು. ಮತ್ತೆ ಯಾರು?

ರಾಯರು, 7: ಎಲ್ಲರ ಗಮನಕ್ಕೆ, ಟ್ಯಾಂಕರ್ ಬಂದಿದೆ. ಗೇಟಿನ ಮುಂದೆ ಯಾರದೋ ಬಿಳಿ ಕಾರು ನಿಂತಿದೆ. ಮೊದಲು ಈ ಪಾರ್ಕಿಂಗ್ ವಿಷಯ ಇತ್ಯರ್ಥ ಆಗಲಿ. ಭಾನುವಾರ ಮೀಟಿಂಗ್.

ಗೀತಾ, 9: ಅದು ನಿಮ್ಮ ಅಳಿಯನ ಕಾರು.