ಯುರೋಪ್ ಟೂರ್‌ಗೆ ಹೊರಟವರ ಆರೋಗ್ಯದ ಪ್ರಶ್ನೆಗಳು: ಡಾಕ್ಟರ್ ಮೇಡಂ ಉತ್ತರ ಕೊಡ್ತಾರೆ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಈ ರಜೆಗೆ ನಮ್ಮ ಗ್ರೂಪ್‌ನವರು ಸುಮಾರು ಜನ ಅಪ್ಪ ಅಮ್ಮ ಮಕ್ಕಳನ್ನ ಕರ್ಕೊಂಡು ಪ್ಯಾರಿಸ್, ಆಮ್‌ಸ್ಟರ್‌ಡ್ಯಾಂ, ಸ್ವಿಟ್ಜರ್ಲೆಂಡ್, ಇಟಲಿ ಅಂತ ಹೊರಟಿದ್ದಾರೆ, ಕೆಲವರು ಈಗಾಗ್ಲೇ ಅಲ್ಲೇ ಇದ್ದಾರೆ. ಮೈಸೂರಿನ ನಮ್ಮ ಫಿಸಿಶಿಯನ್ ಮೇಡಂ ಇವತ್ತು ಸಂಜೆ ಕ್ಲಿನಿಕ್ ಮುಗಿಸ್ಕೊಂಡು ಉತ್ತರ ಕೊಡೋಕೆ ಒಪ್ಪಿದ್ದಾರೆ. ಆರೋಗ್ಯದ ಪ್ರಶ್ನೆ ಮಾತ್ರ ಕೇಳಿ. ವೀಸಾ, ಸಿಮ್, ಕರೆನ್ಸಿ ಇಲ್ಲಿ ಬೇಡ.

ರಮೇಶ್: ಮೇಡಂ ನಮಸ್ತೆ. ಅಪ್ಪಂಗೆ 71, ದಿನಾ ಇನ್ಸುಲಿನ್ ತಗೋತಾರೆ. 15 ದಿನದ ಟೂರ್. ಇನ್ಸುಲಿನ್ ದೊಡ್ಡ ಸೂಟ್‌ಕೇಸಲ್ಲಿ ಐಸ್ ಪ್ಯಾಕ್ ಹಾಕಿ ಇಟ್ರೆ ಆಗತ್ತಾ? ಟೈಮ್ ವ್ಯತ್ಯಾಸಕ್ಕೆ ಏನ್ ಮಾಡೋದು?

ಡಾಕ್ಟರ್: ನಮಸ್ತೆ ರಮೇಶ್. ದೊಡ್ಡ ಸೂಟ್‌ಕೇಸಲ್ಲಿ ಇಡ್ಲೇಬೇಡಿ. ವಿಮಾನದ ಕೆಳಗಡೆ ಸಾಮಾನಿನ ಜಾಗದಲ್ಲಿ ಅದು ಹೆಪ್ಪುಗಟ್ಟಬಹುದು, ಒಂದ್ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ್ರೂ ಕೆಲಸಕ್ಕೆ ಬರಲ್ಲ, ಮೇಲಾಗಿ ಸೂಟ್‌ಕೇಸ್ ಬೇರೆ ಊರಿಗೆ ಹೋದ್ರೆ ಕಥೆ ಮುಗೀತು. ಕೈಚೀಲದಲ್ಲಿ, ಡಾಕ್ಟರ್ ಚೀಟಿ ಜೊತೆಗೆ. 100 ಎಂಎಲ್ ದ್ರವದ ನಿಯಮದಿಂದ ಔಷಧಿಗೆ ವಿನಾಯ್ತಿ ಇದೆ, ಸೆಕ್ಯುರಿಟಿಯಲ್ಲಿ ಮೊದಲೇ ತೆಗೆದು ತೋರಿಸಿ. ಐಸ್ ಪ್ಯಾಕ್‌ಗೆ ನೇರ ತಾಗಿಸ್ಬೇಡಿ, ಬಟ್ಟೆ ಸುತ್ತಿ. ಬೇಸಿಗೇಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಇಲ್ಲಿ ರಾತ್ರಿ 10ಕ್ಕೆ ಹಾಕೋ ದಿನದ ಇನ್ಸುಲಿನ್ ಅಲ್ಲಿ ಸಂಜೆ 6:30ಕ್ಕೆ ಹಾಕಿದ್ರೆ ಅದೇ ಹೊತ್ತು ಆಯ್ತು. ಊಟದ ಮುಂಚೆ ಹಾಕೋದನ್ನ ಮಾತ್ರ ವಿಮಾನದಲ್ಲಿ ತಟ್ಟೆ ಮುಂದೆ ಬಂದ ಮೇಲೇ ಹಾಕಿ, ಟ್ರಾಲಿ ದೂರದಲ್ಲಿ ಕಾಣ್ತು ಅಂತ ಹಾಕಿದ್ರೆ ಶುಗರ್ ಬಿದ್ದೋಗತ್ತೆ. ಡೋಸ್ ಬದಲಿಸೋದಿದ್ರೆ ನಿಮ್ಮ ಡಾಕ್ಟರನ್ನ ಕೇಳಿ.

ಶೈಲಜಾ: ಮೇಡಂ, ಅತ್ತೆಗೆ ಬಿಪಿ ಇದೆ, ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌ ಬೆಟ್ಟದ ಮೇಲೆ ಕರ್ಕೊಂಡು ಹೋಗ್ಬಹುದಾ? ಆಕ್ಸಿಜನ್ ಕಡಿಮೆ ಅಂತಾರೆ.

ಡಾಕ್ಟರ್: ಯುಂಗ್‌ಫ್ರೌಯೋಖ್ ಸ್ಟೇಷನ್ 3,454 ಮೀಟರ್ ಎತ್ತರ, ನಮ್ಮ ಮುಳ್ಳಯ್ಯನಗಿರಿಗಿಂತ ಸಾವಿರದ ಐನೂರು ಮೀಟರ್ ಮೇಲೆ. ಉಸಿರಿಗೆ ಸಿಗೋ ಆಕ್ಸಿಜನ್ ಸಮುದ್ರ ಮಟ್ಟಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಬಿಪಿ ಹತೋಟಿಯಲ್ಲಿದ್ದು ಎರಡು ಮಹಡಿ ಮೆಟ್ಲು ಸಲೀಸಾಗಿ ಹತ್ತೋರು ಎರಡು ಮೂರು ಗಂಟೆ ಇದ್ದು ಬರಬಹುದು. ನಿಧಾನ ನಡೀಲಿ. ತಲೆನೋವು, ತಲೆಸುತ್ತು, ಉಸಿರು ಕಟ್ಟೋದು ಶುರುವಾದ್ರೆ ಫೋಟೋಗೆ ಕಾಯದೆ ಮುಂದಿನ ರೈಲಿಗೆ ಇಳಿಸಿ, ಕೆಳಗಿಳಿಯೋದೇ ಔಷಧಿ. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದವರು, ಸ್ಟೆಂಟ್ ಹಾಕಿಸ್ಕೊಂಡವರು, ನಡೆದ್ರೆ ಎದೆನೋವು ಬರೋರು ಕಾರ್ಡಿಯಾಲಜಿಸ್ಟ್ ಒಪ್ಪಿಗೆ ಇಲ್ಲದೆ ಹೋಗೋದು ಬೇಡ.

ಕಿರಣ್: ಎಲ್ಲರಿಗೂ ಉಪಯೋಗ ಆಗ್ಲಿ ಅಂತ ಫಾರ್ವರ್ಡ್ ಮಾಡ್ತಿದೀನಿ: ಕರ್ಪೂರ, ಲವಂಗ, ಓಂಕಾಳು ಬಟ್ಟೇಲಿ ಕಟ್ಕೊಂಡು ಮೂಸ್ತಾ ಇದ್ರೆ ಆಕ್ಸಿಜನ್ ಲೆವೆಲ್ ತಕ್ಷಣ ಏರತ್ತೆ, ಯುಂಗ್‌ಫ್ರೌಗೆ ಹೋಗೋರು ತಪ್ಪದೆ ಇಟ್ಕೊಳಿ 🙏

ಡಾಕ್ಟರ್: ಏರಲ್ಲ. ಕರ್ಪೂರದ ಘಾಟಿಗೆ ಮೂಗು ತೆರೆದ ಹಾಗೆ ಅನ್ಸತ್ತೆ ಅಷ್ಟೇ, ರಕ್ತದಲ್ಲಿ ಆಕ್ಸಿಜನ್ ಒಂದಿಷ್ಟೂ ಹೆಚ್ಚಲ್ಲ. 2021ರಲ್ಲಿ ಕೊರೊನಾ ಟೈಮಲ್ಲೂ ಇದೇ ಮೆಸೇಜ್ ಊರೆಲ್ಲಾ ಸುತ್ತಿತ್ತು. ಸಣ್ಣ ಮಕ್ಕಳು ಕರ್ಪೂರ ಬಾಯಿಗೆ ಹಾಕ್ಕೊಂಡ್ರೆ ಫಿಟ್ಸ್ ಬರತ್ತೆ. ಮಕ್ಕಳಿರೋ ಟೂರ್‌ಗೆ ಅದನ್ನ ತಗೊಂಡು ಹೋಗ್ಬೇಡಿ. ದಯವಿಟ್ಟು ಮೆಸೇಜ್ ಡಿಲೀಟ್ ಮಾಡಿ.

ಲೋಕೇಶ್: ಟಿಟ್ಲಿಸ್‌ಗೂ ಇದೇ ಪ್ರಾಬ್ಲಮ್ ಇದ್ಯಾ ಮೇಡಂ? ಅಮ್ಮಂಗೆ ಬಿಪಿ.

ಡಾಕ್ಟರ್: 3,020 ಮೀಟರ್. ಶೈಲಜಾಗೆ ಹೇಳಿದ್ದೇ.

ವಿದ್ಯಾ: ಮೇಡಂ, ನಮ್ಮಪ್ಪ ಏಕಾದಶಿ ಉಪವಾಸ ಬಿಡಲ್ಲ, ಹೊರಡೋ ದಿನವೇ ಏಕಾದಶಿ ಬಂದಿದೆ. ನೀರೂ ಕುಡಿಯಲ್ಲ. ಶುಗರ್‌ಗೆ ಡಾಪಾಗ್ಲಿಫ್ಲೋಜಿನ್ ಮತ್ತೆ ಮೆಟ್‌ಫಾರ್ಮಿನ್ ತಗೋತಾರೆ. ಒಂದಿನ ಅಲ್ವಾ, ಪರವಾಗಿಲ್ವಾ?

ಡಾಕ್ಟರ್: ತೊಂದರೆ ಇದೆ ವಿದ್ಯಾ, ಒಳ್ಳೇದಾಯ್ತು ಕೇಳಿದ್ದು. ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನ ಮೂತ್ರದಲ್ಲಿ ಹೊರಗೆ ಹಾಕೋ ಮಾತ್ರೆ, ಜೊತೆಗೆ ನೀರೂ ಹೋಗತ್ತೆ. ಊಟ ನೀರು ಎರಡೂ ಬಿಟ್ಟು ಅದನ್ನ ನುಂಗಿದ್ರೆ ದೇಹ ಕೊಬ್ಬು ಕರಗಿಸಿ ಆಮ್ಲ ತುಂಬ್ಕೊಳತ್ತೆ, ಕೀಟೋಅಸಿಡೋಸಿಸ್ ಅಂತೀವಿ. ಭಯ ಏನಂದ್ರೆ ಗ್ಲೂಕೋಮೀಟರಲ್ಲಿ ಶುಗರ್ ನಾರ್ಮಲ್ ಹತ್ರಾನೇ ತೋರಿಸ್ಬಹುದು, ವಾಂತಿ ಹೊಟ್ಟೆನೋವು ಜೋರಾಗಿ ಉಸಿರಾಡೋದು ಶುರುವಾದ್ರೂ ಮನೆಯವರು ವಿಮಾನದ ಊಟ ಒಗ್ಗಲಿಲ್ಲ ಅಂತ ಸುಮ್ನಾಗ್ಬಿಡ್ತಾರೆ. ಉಪವಾಸದ ದಿನ ಈ ಮಾತ್ರೆ ನಿಲ್ಲಿಸ್ಬೇಕಾ, ಎಷ್ಟು ದಿನ ಮುಂಚೆ ಅಂತ ಅವರ ಡಾಕ್ಟರನ್ನ ನಾಳೇನೇ ಕೇಳಿ. ಪ್ರಯಾಣದ ದಿನ ನಿರ್ಜಲ ಮಾತ್ರ ಬೇಡ್ವೇ ಬೇಡ. ಹಣ್ಣು ಹಾಲು ತಗೊಂಡು ಮಾಡೋರು ಎಷ್ಟೋ ಜನ ಇದ್ದಾರೆ, ಅಪ್ಪಂಗೆ ನೀವು ಹೇಳಿದ್ರೆ ಕೇಳ್ದೆ ಇದ್ರೆ ನನ್ನ ಹತ್ರ ಮಾತಾಡಿಸಿ.

ಮಂಜುನಾಥ್: ಮೇಡಂ ತುಪ್ಪ, ಉಪ್ಪಿನಕಾಯಿ, ಚಟ್ನಿಪುಡಿ ತಗೊಂಡು ಹೋಗ್ಬಹುದಾ? ಅಮ್ಮಂಗೆ ಅಲ್ಲಿನ ಊಟ ಸೇರಲ್ಲ.

ನಾಗರತ್ನ: ತುಪ್ಪ ಯೂರೋಪಿಗೆ ನಿಷೇಧ. ಹಾಲಿನ ಪದಾರ್ಥ ಹೊರಗಿನ ದೇಶದಿಂದ ತರೋ ಹಾಗಿಲ್ಲ.

ಪ್ರಕಾಶ್: ಯಾರ್ರೀ ಹೇಳಿದ್ದು, ನಾವು ಹೋದ ವರ್ಷ ಒಂದು ಕೇಜಿ ತಗೊಂಡು ಹೋಗಿದ್ವಿ, ಯಾರೂ ಕೇಳ್ಲಿಲ್ಲ.

ನಾಗರತ್ನ: ಯಾರೂ ಕೇಳ್ಲಿಲ್ಲ ಅಂದ್ರೆ ಕಾನೂನಿಲ್ಲ ಅಂತ ಅಲ್ಲ ಪ್ರಕಾಶ್ ಅವ್ರೇ. ಮಾಂಸ, ಹಾಲಿನ ಪದಾರ್ಥ ಎರಡಕ್ಕೂ ನಿಷೇಧ ಇದೆ, ಸಿಕ್ಕಿದ್ರೆ ಕಿತ್ಕೊತಾರೆ. ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಬೇಕು. ಚಟ್ನಿಪುಡಿ ತಗೊಂಡು ಹೋಗ್ಲಿ.

ಪ್ರಕಾಶ್: ಎಲ್ಲಾದಕ್ಕೂ ಹೆದರಿಸೋದೇ ಆಯ್ತು ಈ ಗ್ರೂಪಲ್ಲಿ.

ಅಡ್ಮಿನ್: ಊಟದ ವಿಷಯ ಬೇರೆ ಪೋಸ್ಟಲ್ಲಿ ದಯವಿಟ್ಟು.

ಸುಮಾ: ಮೇಡಂ ನಾವು ಈಗ ಲೂಸರ್ನ್‌ನಲ್ಲಿದ್ದೀವಿ, ಹೋಟೆಲ್‌ಗೆ ಬಂದು ಅರ್ಧ ಗಂಟೆ ಆಯ್ತು. ಪ್ಯಾರಿಸ್‌ನಿಂದ ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಂ, ಕಲೋನ್, ಬ್ಲ್ಯಾಕ್ ಫಾರೆಸ್ಟ್ ಎಲ್ಲಾ ಕೋಚ್‌ನಲ್ಲೇ ಬಂದ್ವಿ. ಅಮ್ಮಂಗೆ 66. ನಿನ್ನೆಯಿಂದ ಎಡಗಾಲು ಮೀನಖಂಡ ನೋವು ಅಂತಿದ್ರು, ಇವತ್ತು ಊದಿದೆ. ನಾಳೆ ಯುಂಗ್‌ಫ್ರೌ ಇದೆ. ಮೂವ್ ಹಚ್ಚಿದೀನಿ. ಇನ್ನೇನು ಮಾಡ್ಲಿ?

ಪ್ರಕಾಶ್: ಪ್ರಯಾಣದಲ್ಲಿ ಕಾಲು ಊದೋದು ಮಾಮೂಲು ತಂಗಿ. ಹರಳೆಣ್ಣೆ ಬಿಸಿ ಮಾಡಿ ಚೆನ್ನಾಗಿ ಮೇಲಿಂದ ಕೆಳಗೆ ತಿಕ್ಕಿ, ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಡಿಸಿ. ಬೆಳಿಗ್ಗೆಗೆ ಇಳಿಯತ್ತೆ.

ಡಾಕ್ಟರ್: ಸುಮಾ, ತಿಕ್ಕಬೇಡಿ. ಎಣ್ಣೆ ಬೇಡ, ಮೂವ್ ಬೇಡ, ಬಿಸಿನೀರು ಬೇಡ, ಕಾಲು ಒತ್ತಬೇಡಿ. ಕೂಡ್ಲೇ ಉತ್ತರ ಕೊಡಿ. ಒಂದೇ ಕಾಲಾ, ಎರಡೂನಾ? ಚರ್ಮ ಬೆಚ್ಚಗೆ ಕೆಂಪಗೆ ಇದ್ಯಾ? ಉಸಿರಾಟ ಹೇಗಿದೆ, ಎದೆನೋವು ಕೆಮ್ಮು ಇದ್ಯಾ? ಮುಂಚೆ ಯಾವತ್ತಾದ್ರೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಇತ್ತೀಚೆಗೆ ಆಪರೇಷನ್ ಏನಾದ್ರೂ? ಏನೇನು ಮಾತ್ರೆ ತಗೋತಾರೆ? ಟೇಪ್ ಇಲ್ದಿದ್ರೆ ಚಾರ್ಜರ್ ವೈರ್ ತಗೊಂಡು ಎರಡೂ ಕಾಲಲ್ಲಿ ಮಂಡಿಯ ಕೆಳಗೆ ಸುಮಾರು ಒಂದು ಅಂಗೈ ಅಗಲದಷ್ಟು ದೂರದಲ್ಲಿ, ಮೀನಖಂಡದ ಸುತ್ತ, ಒಂದೇ ಮಟ್ಟದಲ್ಲಿ, ಬಿಗಿ ಮಾಡದೆ ಸುತ್ತಿ ಅಳೆದು ವ್ಯತ್ಯಾಸ ಹೇಳಿ.

ಶೈಲಜಾ: ಮೇಡಂ, ಮಾವನಿಗೂ ಬಿಪಿ ಇದೆ, ಅವರಿಗೆ ಯುಂಗ್‌ಫ್ರೌ ಓಕೆನಾ?

ಸುಮಾ: ಒಂದೇ ಕಾಲು ಮೇಡಂ, ಎಡಗಾಲು. ಮುಟ್ಟಿದ್ರೆ ಬೆಚ್ಚಗಿದೆ. ವೈರ್ ಸುತ್ತಿ ನೋಡ್ದೆ, ಬಲಗಾಲಿಗಿಂತ ಸುಮಾರು 4 ಸೆಂಟಿಮೀಟರ್ ಜಾಸ್ತಿ. ಉಸಿರು ಸರಿಯಾಗಿದೆ. ಬಿಪಿ ಮಾತ್ರೆ, ಮಂಡಿನೋವಿಗೆ ಆಗಾಗ ನೋವಿನ ಮಾತ್ರೆ. ಆಪರೇಷನ್ ಇಲ್ಲ. ಉಬ್ಬಿದ ನರ ಇದೆ ಎರಡೂ ಕಾಲಲ್ಲಿ. ಇನ್ನೊಂದು, ಅಮ್ಮ ದಾರಿಯಲ್ಲಿ ನೀರೇ ಕುಡೀತಿಲ್ಲ, ಟಾಯ್ಲೆಟ್‌ಗೆ ಒಂದೊಂದು ಯೂರೋ ಕೊಡ್ಬೇಕು, ಎಲ್ಲರೂ ನನಗೋಸ್ಕರ ಬಸ್ ನಿಲ್ಲಿಸ್ಬೇಕು ಅಂತ. ಬಸ್ ನಿಂತಾಗಲೂ ಇಳೀತಿರ್ಲಿಲ್ಲ.

ಡಾಕ್ಟರ್: ಸುಮಾ, ಗಾಬರಿ ಬೇಡ, ಆದ್ರೆ ತಡ ಮಾಡ್ಬೇಡಿ. ಎರಡೂ ಕಾಲು ಸಮ ಊದಿದ್ರೆ ಕೂತು ಕೂತು ಆಗಿದೆ, ಇಲ್ಲಾ ಬಿಪಿ ಮಾತ್ರೆಯಿಂದ ಅನ್ನಬಹುದಿತ್ತು. ಒಂದೇ ಕಾಲು, ನೋವು, ಬೆಚ್ಚಗೆ, 3 ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ, ಅದೂ ದೊಡ್ಡ ವಿಮಾನ ಪ್ರಯಾಣ ಮತ್ತೆ ದಿನಗಟ್ಟಲೆ ಬಸ್ಸಾದ ಮೇಲೆ ಅಂದ್ರೆ, ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತಲೇ ಅಂದ್ಕೊಂಡು ಹೊರಡ್ಬೇಕು. ಡೀಪ್ ವೇನ್ ಥ್ರಾಂಬೋಸಿಸ್. ಅಲ್ಲ ಅಂತ ಸ್ಕ್ಯಾನ್ ಹೇಳ್ಬೇಕು, ನಾನೂ ಹೇಳೋಕಾಗಲ್ಲ, ಗ್ರೂಪೂ ಹೇಳೋಕಾಗಲ್ಲ. ನಾವು ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನ ಮೇಲಕ್ಕೆ ತಳ್ಳತ್ತೆ. ಅಲ್ಲಾಡದೆ ಕೂತ್ರೆ ರಕ್ತ ಅಲ್ಲೇ ನಿಲ್ಲತ್ತೆ. ಆ ಹೆಪ್ಪಿನ ಚೂರು ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಅಪಾಯ, ತಿಕ್ಕಬೇಡಿ ಅಂದಿದ್ದು ಅದಕ್ಕೇ.

ಈಗ್ಲೇ ಮಾಡ್ಬೇಕಾದ್ದು: ಟ್ಯಾಕ್ಸಿ ಕರೆಸಿ ಊರಿನ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಬೋರ್ಡ್ ಮೇಲೆ ನೋಟ್‌ಫಾಲ್ ಅಂತಿರತ್ತೆ. ಕಾಲಿನ ಡಾಪ್ಲರ್ ಸ್ಕ್ಯಾನ್ ಬೇಕು ಅಂತ ಹೇಳಿ. ಪಾಸ್‌ಪೋರ್ಟ್, ಇನ್ಶೂರೆನ್ಸ್ ಪೇಪರ್, ಎಲ್ಲಾ ಮಾತ್ರೆಗಳ ಪಟ್ಟಿ ಕೈಯಲ್ಲಿರ್ಲಿ, ನಮ್ಮ ಬ್ರ್ಯಾಂಡ್ ಹೆಸರು ಅವರಿಗೆ ಗೊತ್ತಾಗಲ್ಲ, ಸ್ಟ್ರಿಪ್ ಮೇಲೆ ಸಣ್ಣಕ್ಷರದಲ್ಲಿರೋ ಔಷಧಿ ಹೆಸರು ಬರ್ಕೊಳಿ. ಟ್ಯಾಕ್ಸೀಲಿ ಕೂತು ಇನ್ಶೂರೆನ್ಸ್ ಸಹಾಯವಾಣಿಗೆ ಫೋನ್ ಮಾಡಿ ಕೇಸ್ ನಂಬರ್ ತಗೊಳಿ, ಅದಕ್ಕಾಗಿ ಹೋಟೆಲ್‌ನಲ್ಲಿ ಕಾಯ್ಬೇಡಿ. ದಾರೀಲಿ ಉಸಿರು ಕಟ್ಟಿದ್ರೆ, ಎದೆನೋವು ಬಂದ್ರೆ, ತಲೆ ತಿರುಗಿ ಬಿದ್ರೆ 144. ಯುರೋಪಿನ 112 ಕೂಡ ಅಲ್ಲಿ ನಡೆಯತ್ತೆ. ನಾಳೆ ಯುಂಗ್‌ಫ್ರೌ ಇಲ್ಲ.

ಪ್ರಕಾಶ್: ಮೇಡಂ ಒಂದು ಊತಕ್ಕೆ ಇಷ್ಟು ಹೆದರಿಸ್ಬೇಕಾ? ಸ್ವಿಟ್ಜರ್ಲೆಂಡಲ್ಲಿ ಎಮರ್ಜೆನ್ಸಿ ಅಂದ್ರೆ ಬಿಲ್ ಎಷ್ಟು ಬರತ್ತೆ ಗೊತ್ತಾ. ನಮ್ಮಜ್ಜಿ ಕಾಲದಿಂದ ಹರಳೆಣ್ಣೆ ಹಚ್ಚಿದೀವಿ, ಯಾರಿಗೂ ಏನೂ ಆಗಿಲ್ಲ.

ಡಾಕ್ಟರ್: ಮಂಡಿನೋವಿಗೆ ಹರಳೆಣ್ಣೆ ಹಚ್ಚಿ, ನಾನು ಬೇಡ ಅಂದಿಲ್ಲ. ಇದು ಮಂಡಿನೋವಲ್ಲ. ಬಿಲ್‌ಗೋಸ್ಕರಾನೇ ಇನ್ಶೂರೆನ್ಸ್ ಇರೋದು, ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ರಕ್ಷಣೆ ಕಡ್ಡಾಯ ಮಾಡಿರೋದೂ ಇದಕ್ಕೇ. ಸುಮಾ ಈಗ ಇದನ್ನೆಲ್ಲಾ ಓದ್ತಿರ್ತಾಳೆ, ಅವಳನ್ನ ನಿಲ್ಲಿಸ್ಬೇಡಿ.

ಕಿರಣ್: ಬೆಳ್ಳುಳ್ಳಿ ಹಸೀದು ತಿಂದ್ರೆ ರಕ್ತ ತೆಳುವಾಗತ್ತೆ ಅಂತ ಓದಿದ್ದೆ, ಹೋಗೋ ತನಕ ಕೊಡ್ಬಹುದಲ್ವಾ? ಇಲ್ಲಾ ಆಸ್ಪಿರಿನ್?

ಡಾಕ್ಟರ್: ಎರಡೂ ಬೇಡ. ಕಿರಣ್, ಇದು ಎರಡನೇ ಸಲ. ಗೊತ್ತಿಲ್ಲದಿದ್ರೆ ಸುಮ್ನಿರಿ.

ಕಿರಣ್: ಸಹಾಯ ಮಾಡೋಣ ಅಂತ ಹೇಳಿದ್ದು, ಅಷ್ಟು ಖಾರವಾಗಿ ಮಾತಾಡ್ಬೇಕಿಲ್ಲ.

ಪ್ರಕಾಶ್: ಆ ವಯಸ್ಸಿನವರನ್ನ ಆರು ದೇಶ ಬಸ್ಸಲ್ಲಿ ಸುತ್ತಿಸೋದೇ ತಪ್ಪು. ಮಕ್ಕಳ ಆಸೆಗೆ ಅಪ್ಪ ಅಮ್ಮ ಬಲಿ.

ವಿದ್ಯಾ: ಏನ್ ಮಾತು ಸಾರ್ ಇದು? ಅವರು ಅಲ್ಲಿ ಕಷ್ಟದಲ್ಲಿದ್ದಾರೆ. ಜೀವಮಾನ ಎಲ್ಲಾ ಅಡಿಗೆಮನೇಲಿ ಕಳೆದ ಅಮ್ಮನ್ನ ಒಂದ್ಸಲ ಕರ್ಕೊಂಡು ಹೋಗೋದು ತಪ್ಪಾ?

ನಾಗರತ್ನ: ನನಗೆ 69, ಹೋಗಿ ಬಂದಿದೀನಿ, ಯಾರೂ ನನ್ನ ಬಲಿ ಕೊಟ್ಟಿಲ್ಲ. ಯೋಚನೆ ಮಾಡಿ ಮಾತಾಡಿ.

ಪ್ರಕಾಶ್: ಸತ್ಯ ಹೇಳಿದ್ರೆ ಎಲ್ಲರಿಗೂ ಉರಿ.

ಅಡ್ಮಿನ್: ಪ್ರಕಾಶ್ ಅವ್ರೇ, ಇನ್ನೊಂದು ಇಂಥ ಕಾಮೆಂಟ್ ಬಂದ್ರೆ ತೆಗೀತೀನಿ.

ಗಿರೀಶ್: ಮೇಡಂ ಹಾಗಾದ್ರೆ ನಾವೆಲ್ಲಾ ಫ್ಲೈಟ್‌ಗೆ ಮುಂಚೆ ಆಸ್ಪಿರಿನ್ ತಗೊಳ್ಳೋದು ಒಳ್ಳೇದಾ? ಸಾಕ್ಸ್ ಹಾಕ್ಬೇಕಾ?

ಡಾಕ್ಟರ್: ಇದಕ್ಕಂತ ಆಸ್ಪಿರಿನ್ ಬೇಡ, ಹೃದಯಕ್ಕೆ ಬರೆದು ಕೊಟ್ಟಿದ್ರೆ ಮುಂದುವರಿಸಿ ಅಷ್ಟೇ. ನಾಲ್ಕು ಗಂಟೆಗಿಂತ ಜಾಸ್ತಿ ಕೂತ್ಕೊಳೋ ಎಲ್ಲರೂ ಆಗಾಗ ಎದ್ದು ನಡೀರಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ. ಹಿಂದೆ ಹೆಪ್ಪುಗಟ್ಟಿದವರು, ಹೊಸದಾಗಿ ಆಪರೇಷನ್ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರೋರು, ಹಾರ್ಮೋನ್ ಮಾತ್ರೆ ತಗೊಳ್ಳೋರು ಹೊರಡೋ ಮುಂಚೆ ಡಾಕ್ಟರನ್ನ ನೋಡಿ, ಅಳತೆ ಕೊಟ್ಟು ಮಂಡಿವರೆಗಿನ ಕಂಪ್ರೆಷನ್ ಸಾಕ್ಸ್ ತಗೊಳಿ. ಅಳತೆ ತಪ್ಪಿದ ಸಾಕ್ಸ್ ತೊಂದರೆನೇ.

ಮತ್ತೆ ಈ ಟಾಯ್ಲೆಟ್ ವಿಷಯ ಎಲ್ಲಾ ಮಕ್ಕಳೂ ಓದಿ. ನಮ್ಮ ಅಮ್ಮಂದಿರು ಬಾಯಿಬಿಟ್ಟು ಹೇಳಲ್ಲ. ದುಡ್ಡು ದಂಡ, ಬೇರೆಯವರಿಗೆ ತೊಂದರೆ ಅಂತ ನೀರು ಬಿಟ್ಬಿಡ್ತಾರೆ, ಆಮೇಲೆ ಬಸ್ ನಿಂತ್ರೂ ಇಳಿಯೋ ಅಗತ್ಯನೇ ಬರಲ್ಲ, ಕಾಲು ಆಡೋದೇ ಇಲ್ಲ. ಉರಿಮೂತ್ರ, ಬಿಪಿ ಕುಸಿದು ಬೀಳೋದು ಇದರಿಂದಲೇ. ಅಲ್ಲಿ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷದ ಬಿಡುವು ಕಾನೂನಿನಲ್ಲೇ ಇದೆ, ಯಾರೂ ನಿಮಗೆ ಉಪಕಾರ ಮಾಡ್ತಿಲ್ಲ. ಮಧ್ಯದಲ್ಲೂ ನಿಲ್ಲಿಸಿ ಅಂತ ಮೊದಲ ದಿನವೇ ಟೂರ್ ಮ್ಯಾನೇಜರ್‌ಗೆ ಗಟ್ಟಿಯಾಗಿ ಹೇಳಿ. ಚಿಲ್ಲರೆ ಯೂರೋ ಅಮ್ಮನ ಪರ್ಸಲ್ಲೇ ಹಾಕಿಡಿ. ಪ್ರತಿ ಸ್ಟಾಪಲ್ಲೂ ನೀವೇ ಕೈಹಿಡಿದು ಇಳಿಸಿ ನಡೆಸಿ.

ಲೋಕೇಶ್: ನೋಟ್ ಮಾಡ್ಕೊಂಡೆ ಮೇಡಂ. ಮಕ್ಕಳಿಗೆ ಜೆಟ್ ಲ್ಯಾಗ್‌ಗೆ ಏನಾದ್ರೂ ಮಾತ್ರೆ ಇದ್ಯಾ?

ಮಂಜುನಾಥ್: ಅಲ್ಲಿ ಡೋಲೋ ಸಿಗತ್ತಾ ಮೇಡಂ?

ಡಾಕ್ಟರ್: ಪ್ಯಾರಸಿಟಮಾಲ್ ಸಿಗತ್ತೆ. ಆಂಟಿಬಯೋಟಿಕ್ ಚೀಟಿ ಇಲ್ದೆ ಸಿಗಲ್ಲ. ಭಾನುವಾರ ಬಹಳಷ್ಟು ಔಷಧಿ ಅಂಗಡಿ ಮುಚ್ಚಿರತ್ತೆ. ದಿನದ ಮಾತ್ರೆ ನಾಲ್ಕೈದು ದಿನಕ್ಕೆ ಹೆಚ್ಚಿಗೆ ತಗೊಂಡು ಹೋಗಿ.

ಶೈಲಜಾ: ಮೇಡಂ ಮಾವನ ಪ್ರಶ್ನೆ...

ಡಾಕ್ಟರ್: ಶೈಲಜಾ, ಮೇಲೆ ಬರೆದಿದೀನಿ. ಅತ್ತೆಗೂ ಮಾವನಿಗೂ ಒಂದೇ ಉತ್ತರ.

ಸುಮಾ: ಮೇಡಂ, ಸ್ಕ್ಯಾನ್ ಆಯ್ತು. ಮಂಡಿ ಹಿಂದಿನ ರಕ್ತನಾಳದಲ್ಲಿ ಹೆಪ್ಪಿದೆಯಂತೆ. ರಿವರಾಕ್ಸಬಾನ್ ಅಂತ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಮಾತ್ರೆ ಶುರು ಮಾಡಿದ್ದಾರೆ. ಅಡ್ಮಿಟ್ ಬೇಡ, ನಾಳೆ ಮತ್ತೆ ತೋರ್ಸಿ ಅಂದ್ರು. ಟೂರ್‌ನವರು ಬೆಳಿಗ್ಗೆ ಬಸ್ಸಿಗೆ ಬರ್ಲೇಬೇಕು, ಇಲ್ಲಾಂದ್ರೆ ನಿಮ್ಮ ಜವಾಬ್ದಾರಿ ಅಂತಿದ್ದಾರೆ. ಇನ್ನು ನಾಲ್ಕು ದಿನಕ್ಕೆ ರೋಮ್‌ನಿಂದ ಫ್ಲೈಟ್. ಅಮ್ಮ ಅಳ್ತಿದ್ದಾರೆ, ನನ್ನಿಂದ ಎಲ್ಲರ ಟೂರ್ ಹಾಳಾಯ್ತು ಅಂತ.

ಡಾಕ್ಟರ್: ಸರಿಯಾದ ಹೊತ್ತಿಗೆ ಹೋಗಿದೀರಿ ಸುಮಾ, ತುಂಬಾ ಒಳ್ಳೆ ಕೆಲಸ ಮಾಡಿದ್ರಿ. ಅಮ್ಮಂಗೆ ಹೇಳಿ, ಅವರು ಕಾಲುನೋವು ಅಂತ ಬಾಯಿಬಿಟ್ಟು ಹೇಳಿದ್ದಕ್ಕೇ ಇದು ಸಿಕ್ಕಿದ್ದು. ಬೆಳಿಗ್ಗೆ ಬಸ್ಸಿಗೆ ಹತ್ತಬೇಡಿ. ನಾಳೆ ಡಾಕ್ಟರ್ ನೋಡ್ಲಿ. ರಿವರಾಕ್ಸಬಾನ್ ಮೊದಲ ಮೂರು ವಾರ ದಿನಕ್ಕೆರಡು ಸಲ, ಊಟದ ಜೊತೆ, ಒಂದು ಹೊತ್ತೂ ತಪ್ಪಿಸ್ಬೇಡಿ. ಮಂಡಿನೋವಿನ ಮಾತ್ರೆ ಇವತ್ತಿಂದ ಬಂದ್, ಎರಡೂ ಸೇರಿದ್ರೆ ರಕ್ತಸ್ರಾವ ಆಗತ್ತೆ, ನೋವಿಗೆ ಪ್ಯಾರಸಿಟಮಾಲ್ ಮಾತ್ರ. ರೂಮಲ್ಲಿ ನಿಧಾನ ನಡೀಲಿ, ಮಂಚ ಹಿಡಿದು ಮಲಗೋದು ಬೇಡ. ಯಾವಾಗ ವಿಮಾನ ಹತ್ತಬಹುದು ಅಂತ ನೋಡಿದ ಡಾಕ್ಟರ್ ಬರೆದುಕೊಡ್ಲಿ, ಆ ಕಾಗದ ಇನ್ಶೂರೆನ್ಸ್‌ನವರಿಗೆ ಕಳ್ಸಿ, ಟಿಕೆಟ್ ಬದಲಿಸೋ ಖರ್ಚು, ಹೋಟೆಲ್ ಖರ್ಚು ಪಾಲಿಸೀಲಿ ಇದ್ಯಾ ಅಂತ ಕೇಳಿ. ಎಲ್ಲಾ ಬಿಲ್ ಇಟ್ಕೊಳಿ. ಟೂರ್‌ನವರು ಹೇಳಿದ್ದನ್ನ ಮೆಸೇಜಲ್ಲೇ ಬರೆದು ಕಳ್ಸೋಕೆ ಹೇಳಿ, ಬಾಯಿಮಾತಿಗೆ ಒಪ್ಪಬೇಡಿ. ಮಿಕ್ಕವರು ಹೋಗೋದಿದ್ರೆ ಹೋಗ್ಲಿ, ಒಬ್ಬರು ಅಮ್ಮನ ಜೊತೆ ಇರಿ.

ಪ್ರಕಾಶ್: ಬೇಗ ಹುಷಾರಾಗ್ಲಿ. ಆದ್ರೂ ಎಲ್ಲಾ ಊತಕ್ಕೂ ಆಸ್ಪತ್ರೆಗೆ ಓಡ್ಬೇಕು ಅಂತ ಜನ ಅಂದ್ಕೋಬಾರದು.

ಡಾಕ್ಟರ್: ಒಂದೇ ಕಾಲು ಊದಿದ್ರೆ ಓಡ್ಬೇಕು.

ಶೈಲಜಾ: ಸುಮಾ, ನಾವು ಬುಧವಾರ ಲೂಸರ್ನ್‌ಗೆ ಬರ್ತೀವಿ. ಅಮ್ಮಂಗೆ ಅನ್ನ ಸಾರು ಬೇಕಿದ್ರೆ ಹೇಳಿ, ರೈಸ್ ಕುಕ್ಕರ್ ತರ್ತಿದೀವಿ.

ಡಾಕ್ಟರ್: ಸುಮಾ, ರಿಪೋರ್ಟ್ ಫೋಟೋ ಗ್ರೂಪಲ್ಲಿ ಹಾಕ್ಬೇಡಿ, ನನಗೆ ನೇರ ಕಳ್ಸಿ. ರಾತ್ರಿ ಉಸಿರಾಟದಲ್ಲಿ ಏನೇ ಬದಲಾವಣೆ ಕಂಡ್ರೂ ಮೊದಲು 144, ಆಮೇಲೆ ನನಗೆ. ಮಿಕ್ಕವರ ಪ್ರಶ್ನೆಗಳು ಭಾನುವಾರ ನೋಡ್ತೀನಿ.