ರೂಟ್ ಕೆನಾಲ್ ಮಾಡಿಸಿದ ಹಲ್ಲಿನಲ್ಲಿ ಮತ್ತೆ ಕೀವು

ಪ್ರಶ್ನೆ: 2 ವರ್ಷಗಳ ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿಕೊಂಡ ನನ್ನ ಮೇಲ್ದವಡೆಯ ಹಲ್ಲಿನ ಒಸಡಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಯೆದ್ದಿದ್ದು, ಒತ್ತಿದರೆ ಕೀವು ಬರುತ್ತದೆ. ಆಂಟಿಬಯೋಟಿಕ್ ನುಂಗಿದಾಗ ಅಡಗಿ, ಮತ್ತೆ ಏಳುತ್ತದೆ. ಏಕೆ?

ಉತ್ತರ 1: ನರ ತೆಗೆದ ಹಲ್ಲಿನೊಳಗೆ ರಕ್ತಸಂಚಾರವಿಲ್ಲದ ಕಾರಣ ಮಾತ್ರೆಯ ಔಷಧ ಅಲ್ಲಿಗೆ ತಲುಪುವುದಿಲ್ಲ. ಇಂಥ ಹಲ್ಲುಗಳಲ್ಲಿ ಆಗಾಗ ಸಿಗುವ ಎಂಟೆರೊಕಾಕಸ್ ಫೀಕ್ಯಾಲಿಸ್ ಎಂಬ ಬ್ಯಾಕ್ಟೀರಿಯಾ ಹಲ್ಲಿನ ಸೂಕ್ಷ್ಮ ನಳಿಕೆಗಳಲ್ಲಿ ಅವಿತು, ಚಿಕಿತ್ಸೆಯ ವೇಳೆ ಕ್ರಿಮಿ ಕೊಲ್ಲಲು ಒಳಗೆ ತುಂಬುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನ ತೀವ್ರ ಕ್ಷಾರವನ್ನೂ ತಾಳಿಕೊಂಡು ಬದುಕಬಲ್ಲದು.

ಉತ್ತರ 2: ಅದು ಮೇಲಿನ ಮೊದಲ ದವಡೆಹಲ್ಲಾಗಿದ್ದರೆ, ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ಬಹಳ ಜನರಿಗೆ ಇರುವ ಎರಡನೆಯ ನಾಳ ಸ್ವಚ್ಛವಾಗದೆ ಉಳಿದಿರಬಹುದು. ನನಗೂ ಹಾಗೆಯೇ ಆಗಿತ್ತು. ಸಿಬಿಸಿಟಿ ಎಂಬ ಮೂರು ಆಯಾಮದ ಎಕ್ಸ್-ರೇ ಸ್ಕ್ಯಾನ್ ಮಾಡಿಸಿದ ಮೇಲಷ್ಟೇ ಗೊತ್ತಾಯಿತು. ಕೀಳಿಸಲು ಅವಸರಪಡದೆ, ಎಂಡೊಡಾಂಟಿಸ್ಟ್ (ರೂಟ್ ಕೆನಾಲ್ ತಜ್ಞ ದಂತವೈದ್ಯರು) ಬಳಿ ಮರುಚಿಕಿತ್ಸೆಯ ಬಗ್ಗೆ ಕೇಳಿ.

ಉತ್ತರ 3: ಮುಖ ಊದಿ ಜ್ವರ ಬಂದರೆ ಅಥವಾ ನುಂಗಲು ಕಷ್ಟವಾದರೆ ದಯವಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ.